ಡೆಪ್ಯುಟಿ ಚನ್ನಬಸಪ್ಪನವರು

ಕನ್ನಡದ ಮಕ್ಕಳು ಕನ್ನಡದಲ್ಲಿ ಅಕ್ಷರ ಕಲಿಯುವುದು ಸಹಜವಾದ ಮಾತೆಂದು ನಾವು ಭಾವಿಸುತ್ತೇವೆ. ಉತ್ತರ ಕರ್ನಾಟಕದ ಮಟ್ಟಿಗೆ ಆ ಸಹಜತೆಯನ್ನು ದುಡಿದು ಗಳಿಸಬೇಕಾಯಿತು. ಹಾಗೆ ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರನ್ನು ನಾನು ಮೊದಲು ನೆನೆಯುತ್ತೇನೆ.

ಅವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಹೆಚ್ಚಿನ ಓದು ಪುಣೆಯಲ್ಲಿ. ಆಗ ಧಾರವಾಡ, ಬೆಳಗಾವಿ ಸೀಮೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1818ರಲ್ಲಿಯೇ ಪೇಶ್ವೆಯರ ಆಳಿಕೆ ಮುಗಿದಿದ್ದರೂ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯ ಪ್ರಾಬಲ್ಯ ಉಳಿದಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಮೊದಲು ಇನ್ನೊಂದು ನುಡಿಯನ್ನು ಕಲಿತು, ಅನಂತರ ಆ ನುಡಿಯ ಮೂಲಕ ಲೆಕ್ಕವನ್ನೂ ಭೂಗೋಳವನ್ನೂ ಕಲಿಯಬೇಕು. ರೈತರ ಮಕ್ಕಳಿಗೆ ಶಾಲೆ ಪರಸ್ಥಳದಂತೆ ತೋರಿದ್ದರೆ ಆಶ್ಚರ್ಯವೇನು?

ಶಾಲೆಯ ನುಡಿಯನ್ನು ಬದಲಿಸಲು ಒಂದು ಹುಕುಮು ಸಾಕೆಂದು ಕೆಲವರು ತಿಳಿಯಬಹುದು. ಆದರೆ ಕನ್ನಡದಲ್ಲಿ ಪಾಠ ಹೇಳುವ ಮಾಸ್ತರರೆಲ್ಲಿ? ಪಠ್ಯಪುಸ್ತಕಗಳೆಲ್ಲಿ? ಚನ್ನಬಸಪ್ಪನವರ ಹಿರಿಮೆ ಈ ಪ್ರಶ್ನೆಗಳನ್ನು ಎದುರಿಸಿದುದರಲ್ಲಿದೆ. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯರಾಗಿ ಅವರು ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿದರು. ಶಿಕ್ಷಣ ಖಾತೆಯ ಡೆಪ್ಯುಟಿ ಇನ್ಸ್ಪೆಕ್ಟರರಾಗಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಮೇಲಧಿಕಾರಿಯಾಗಿದ್ದ ರಸೆಲ್ ಸಾಹೇಬರ ಬೆಂಬಲವೂ ಅವರಿಗೆ ದೊರೆಯಿತು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ವಿದ್ವಾಂಸರು ಅದೇ ಕಾಲದಲ್ಲಿ ಕನ್ನಡ ಗ್ರಂಥರಚನೆಗೆ ತೊಡಗಿದ್ದರು. ಸ್ವತಃ ಚನ್ನಬಸಪ್ಪನವರು ಷೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಿ ತಿಳಿಗನ್ನಡದ ಗದ್ಯಕ್ಕೆ ತಂದರು. ಶಾಲೆಗೆ ಬಂದ ನುಡಿಗೆ ಓದುವ ಸಾಮಗ್ರಿಯೂ ಬೇಕಷ್ಟೆ.

ಮರಾಠಿಯನ್ನು ಹಳಿಯುವುದು ಇದರ ಅರ್ಥವಾಗಿರಲಿಲ್ಲವೆಂದು ನನ್ನ ನಂಬಿಕೆ. ಪುಣೆಯಲ್ಲಿ ಕಲಿತವರಿಗೆ ಆ ನುಡಿಯ ಬೆಲೆ ತಿಳಿಯದೆ? ಅದು ಮರಾಠಿ ಮಕ್ಕಳಿಗೆ ಕೊಟ್ಟ ಸುಖವನ್ನೇ ಕನ್ನಡವು ಕನ್ನಡ ಮಕ್ಕಳಿಗೆ ಕೊಡಲೆಂಬುದಷ್ಟೇ ಅವರ ಹಂಬಲ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದುದನ್ನು ಕಾಣಲು ಅವರಿರಲಿಲ್ಲ. ಆದರೆ ಓದುಬರಹ ಬಲ್ಲ ಕನ್ನಡಿಗರಿಲ್ಲದೆ ಅಂಥ ಸಂಘವನ್ನು ಕಟ್ಟುವುದು ಹೇಗೆ? ಆ ಓದುಗರು ತಯಾರಾದುದು ಹಳ್ಳಿಯ ಕನ್ನಡ ಶಾಲೆಗಳಲ್ಲಿ.

ಪಠ್ಯಕ್ರಮದ ಸುಧಾರಣೆಯ ಮಾತು ಇಂದಿಗೂ ನಿಂತಿಲ್ಲ. ಹೊಸ ಯೋಜನೆಯ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ನಾನು ಮೊದಲು ಕೇಳುವುದು ಇಷ್ಟೇ: ಮಾಸ್ತರರನ್ನು ಸಿದ್ಧಪಡಿಸಿದ್ದಾರೆಯೆ, ಮಗುವಿನ ಕೈಗೆ ಪುಸ್ತಕ ಬಂದಿದೆಯೆ? ಈ ಪ್ರಶ್ನೆಗಳನ್ನು ಕಲಿಸಿದ ಗುರು ಆ ಡೆಪ್ಯುಟಿ.