ಎರಡು ಮಾರು ಆಳ: ಮಾರ್ಕ್ ಟ್ವೇನನ ಬಾಳು ಮತ್ತು ಬರಹ

ಐಚ್ಛಿಕ ಇಂಗ್ಲಿಷನ್ನು ಆರಿಸಿಕೊಂಡ ನಾನು ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಕಾದಂಬರಿಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಎರಡು ಪುಟ ದಾಟುವುದೇ ಕಷ್ಟವಾಯಿತು. ವ್ಯಾಕರಣದ ಬಲದಿಂದ ಇಂಗ್ಲಿಷ್ ಕಲಿತವನಿಗೆ ಅಲ್ಲಿಯ ಒಂದೊಂದು ವಾಕ್ಯವೂ ತಪ್ಪಾಗಿ ಕಂಡಿತು. ಕಥೆ ಹೇಳುವವನು ಕುಡುಕ ತಂದೆಯ ಮಗನಾದ, ಶಾಲೆಯನ್ನು ಸರಿಯಾಗಿ ಕಾಣದ ಹಳ್ಳಿಯ ಹುಡುಗ. ಅವನು ಆಡುವಂತೆಯೇ ಲೇಖಕನು ಬರೆದಿದ್ದಾನೆಂಬುದು ಆಮೇಲೆ ತಿಳಿಯಿತು. ಹೀಗೆ ಬರೆಯುವ ಧೈರ್ಯ ಈತನಿಗೆ ಎಲ್ಲಿಂದ ಬಂದಿತು? ಈ ಪ್ರಶ್ನೆಯೇ ನನ್ನನ್ನು ಆತನ ಜೀವನದ ಕಡೆಗೆ ಎಳೆಯಿತು.

ಆತನ ನಿಜವಾದ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಅಮೆರಿಕದ ಮಿಸ್ಸೂರಿ ಸಂಸ್ಥಾನದ ಫ್ಲಾರಿಡಾ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ಬೆಳೆದದ್ದು ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಊರಿನಲ್ಲಿ. ಆ ಸೀಮೆಯಲ್ಲಿ ಮನುಷ್ಯರನ್ನು ದನಗಳಂತೆ ಕೊಂಡು ಮಾರುತ್ತಿದ್ದರು. ಸ್ಯಾಮ್ಯುಯೆಲನ ಮನೆಯಲ್ಲಿಯೂ ಗುಲಾಮರಿದ್ದರು. ಇದು ದೇವರಿಗೆ ಒಪ್ಪಿತವಾದುದೆಂದು ಚರ್ಚಿನಲ್ಲಿಯೇ ಬೋಧಿಸುತ್ತಿದ್ದರು. ಇದರಲ್ಲಿ ತಪ್ಪಿದೆಯೆಂದು ಆ ಹುಡುಗನಿಗೆ ಹೇಳುವವರು ಯಾರೂ ಇರಲಿಲ್ಲ. ಆದರೆ ಬೇಸಿಗೆಯಲ್ಲಿ ಚಿಕ್ಕಪ್ಪನ ಹೊಲಮನೆಗೆ ಹೋದಾಗ ಅಲ್ಲಿಯ ಡ್ಯಾನಿಯಲ್ ಎಂಬ ಗುಲಾಮ ಮುದುಕನು ಬೆಂಕಿಯ ಮುಂದೆ ಕುಳಿತು ಹೇಳುತ್ತಿದ್ದ ಕಥೆಗಳನ್ನು ಮೈಮರೆತು ಕೇಳುತ್ತಿದ್ದನು. ಆ ಮುದುಕನ ದನಿ ಆತನ ಕಿವಿಯಲ್ಲಿ ಕೊನೆಯವರೆಗೂ ಉಳಿಯಿತು.

1847ರಲ್ಲಿ ತಂದೆ ತೀರಿಕೊಂಡರು. ಆಗ ಹುಡುಗನಿಗೆ ಹನ್ನೊಂದು ವರ್ಷ. ಸ್ವಲ್ಪ ಕಾಲದಲ್ಲಿಯೇ ಶಾಲೆ ಬಿಟ್ಟು ಅಚ್ಚುಕೂಟ ಸೇರಿ ಮೊಳೆ ಜೋಡಿಸುವ ಕೆಲಸ ಕಲಿತನು. ಮುಂದೆ ಉಗಿದೋಣಿ ನಡೆಸುವ ವಿದ್ಯೆಯನ್ನು ಅಭ್ಯಾಸ ಮಾಡಿ 1859ರಲ್ಲಿ ಪರವಾನಗಿ ಪಡೆದನು. ದೋಣಿಯ ಮುಂದೆ ನಿಂತವನು ಗುಂಡುಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಆಳವನ್ನು ಕೂಗಿ ಹೇಳುತ್ತಿದ್ದನು. ‘ಮಾರ್ಕ್ ಟ್ವೇನ್’ ಎಂಬುದು ಅಂಥ ಒಂದು ಕೂಗು. ಎರಡು ಮಾರು ಆಳವಿದೆ, ದೋಣಿ ಸಾಗಬಹುದೆಂದು ಅರ್ಥ. 1861ರ ಅಂತರ್ಯುದ್ಧದಿಂದ ನದಿಯ ಸಂಚಾರ ನಿಂತುಹೋಯಿತು. ಆತನು ಪಶ್ಚಿಮದ ನೆವಾಡಕ್ಕೆ ಹೋಗಿ, ಬೆಳ್ಳಿಯ ಆಸೆಯಲ್ಲಿ ಅಲೆದು, ಕೊನೆಗೆ ಪತ್ರಿಕೆ ಸೇರಿ, 1863ರಲ್ಲಿ ಆ ಕೂಗನ್ನೇ ತನ್ನ ಹೆಸರಾಗಿ ಮಾಡಿಕೊಂಡನು.

1870ರಲ್ಲಿ ಒಲಿವಿಯಾ ಲ್ಯಾಂಗ್ಡನ್‌ಳನ್ನು ವಿವಾಹವಾದನು. ಅವಳ ತಂದೆ ಗುಲಾಮಗಿರಿಯ ಕಡು ವಿರೋಧಿ. ಆ ಬಂಧುಗಳ ಮನೆಯಲ್ಲಿ ಅಡಿಗೆ ಮಾಡುತ್ತಿದ್ದ ಮೇರಿ ಆ್ಯನ್ ಕಾರ್ಡ್ ಎಂಬ ಹೆಂಗಸು ಹಿಂದೆ ಗುಲಾಮಳಾಗಿದ್ದವಳು. ಗಂಡನನ್ನೂ ಮಕ್ಕಳನ್ನೂ ತನ್ನೆದುರಿಗೇ ಮಾರಿದ ಕಥೆಯನ್ನು ಅವಳಿಂದ ಕೇಳಿ, 1874ರಲ್ಲಿ ಆಕೆಯ ಮಾತಿನ ಧಾಟಿಯಲ್ಲಿಯೇ ಬರೆದು ಪ್ರಕಟಿಸಿದನು. ನಗಿಸುವವನೆಂದು ಹೆಸರಾದವನು ಕೇಳುವುದನ್ನು ಕಲಿತದ್ದು ಹೀಗೆ.

ಎರಡು ವರ್ಷಗಳ ತರುವಾಯ ಆರಂಭಿಸಿದ ‘ಹಕಲ್‌ಬರಿ ಫಿನ್’ ಕಾದಂಬರಿಯನ್ನು ಮಧ್ಯೆ ಮಧ್ಯೆ ಬದಿಗಿಟ್ಟು ಸುಮಾರು ಏಳು ವರ್ಷಗಳಲ್ಲಿ ಮುಗಿಸಿದನು. ಅದು 1884ರಲ್ಲಿ ಇಂಗ್ಲೆಂಡಿನಲ್ಲಿಯೂ 1885ರಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು. ತಂದೆಯ ಹೊಡೆತಕ್ಕೆ ಹೆದರಿ ಓಡಿದ ಹಕ್, ಮಾರಾಟಕ್ಕೆ ಹೆದರಿ ಓಡಿದ ಗುಲಾಮ ಜಿಮ್, ಇಬ್ಬರೂ ಒಂದೇ ತೆಪ್ಪದಲ್ಲಿ ನದಿಯ ಕೆಳಗೆ ಸಾಗುತ್ತಾರೆ. ದಡದಲ್ಲಿ ಎರಡು ದೊಡ್ಡ ಮನೆತನದವರು ಬಂದೂಕು ಹಿಡಿದೇ ಚರ್ಚಿನಲ್ಲಿ ಕುಳಿತು ಸೋದರಪ್ರೇಮದ ಉಪದೇಶ ಕೇಳಿ, ಮರುದಿನ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಟ್ವೇನನು ಇಲ್ಲಿ ಟೀಕೆಯ ಒಂದು ಮಾತನ್ನೂ ಆಡುವುದಿಲ್ಲ. ಹುಡುಗನು ಕಂಡದ್ದನ್ನು ಕಂಡಂತೆ ಹೇಳುತ್ತಾನೆ. ವಿಡಂಬನೆ ತಾನಾಗಿಯೇ ಮೂಡುತ್ತದೆ.

ಜಿಮ್ ಇರುವ ಜಾಗವನ್ನು ಒಡತಿಗೆ ತಿಳಿಸಲು ಹಕ್ ಪತ್ರ ಬರೆದು ಹರಿದುಹಾಕುವ ಸನ್ನಿವೇಶ ಕಾದಂಬರಿಯ ಹೃದಯವೆಂದು ನನ್ನ ಭಾವನೆ. ತಾನು ಮಾಡುವುದು ಪುಣ್ಯವೆಂದು ಅವನಿಗೆ ತಿಳಿದೇ ಇಲ್ಲ. ಗೆಳೆಯನನ್ನು ಉಳಿಸಿದರೆ ನರಕವೇ ಗತಿಯೆಂದು ನಂಬಿ, ಆ ನರಕವನ್ನೇ ಒಪ್ಪಿಕೊಳ್ಳುತ್ತಾನೆ. ಊರೆಲ್ಲ ಧರ್ಮವೆಂದು ಕಲಿಸಿದ್ದು ಅಧರ್ಮವೆಂಬುದನ್ನು ಇದಕ್ಕಿಂತ ಹೇಗೆ ತೋರಿಸಬೇಕು? ಹ್ಯಾನಿಬಲ್ಲಿನ ಆ ಹುಡುಗನೂ ಅದೇ ಪಾಠ ಕೇಳಿ ಬೆಳೆದವನಷ್ಟೆ.

ಕಾದಂಬರಿಯಲ್ಲಿ ಕೊರತೆಯಿಲ್ಲದಿಲ್ಲ. ಕೊನೆಯ ಅಧ್ಯಾಯಗಳಲ್ಲಿ ಜಿಮ್‌ನ ಬಿಡುಗಡೆ ಟಾಮ್ ಸಾಯರನ ಆಟದ ವಸ್ತುವಾಗುವುದು ಮನಸ್ಸಿಗೆ ಒಗ್ಗುವುದಿಲ್ಲ. ಕಪ್ಪು ಜನರನ್ನು ಹೀಗಳೆಯುವ ಪದ ಇನ್ನೂರಕ್ಕೂ ಹೆಚ್ಚು ಸಲ ಬರುವುದರಿಂದ ಇದನ್ನು ತರಗತಿಯಲ್ಲಿ ಓದಿಸಬೇಕೇ ಎಂಬ ಚರ್ಚೆ ಆ ದೇಶದಲ್ಲಿ ಅನೇಕ ಸಲ ಎದ್ದಿದೆ. ಆದರೆ 1885ರಲ್ಲಿ ಕಾಂಕರ್ಡ್ ಊರಿನ ಗ್ರಂಥಾಲಯವು ಇದನ್ನು ಹೊರಗಿಟ್ಟದ್ದು ಬೇರೆ ಕಾರಣಕ್ಕೆ: ಪುಸ್ತಕವು ಒರಟು, ಭಾಷೆ ಅಸಭ್ಯ ಎಂದು.

ಮೊಳೆ ಜೋಡಿಸುವ ಯಂತ್ರವೊಂದರಲ್ಲಿ ಹಣ ಕಳೆದುಕೊಂಡು 1894ರಲ್ಲಿ ಟ್ವೇನನು ದಿವಾಳಿಯಾದನು. ಸಾಲ ತೀರಿಸಲು ಅರುವತ್ತರ ವಯಸ್ಸಿನಲ್ಲಿ ಉಪನ್ಯಾಸ ಮಾಡುತ್ತ ಲೋಕ ಸುತ್ತಿದನು. 1896ರಲ್ಲಿ ಮುಂಬಯಿಗೆ ಬಂದಾಗ ಹೋಟೆಲಿನಲ್ಲಿ ಐರೋಪ್ಯನೊಬ್ಬನು ನಮ್ಮವನಾದ ಆಳಿನ ಕೆನ್ನೆಗೆ ಹೊಡೆದನು. ಆಳು ತುಟಿ ಬಿಚ್ಚಲಿಲ್ಲ. ಅದನ್ನು ಕಂಡ ಟ್ವೇನನಿಗೆ ತನ್ನ ತಂದೆ ಗುಲಾಮ ಹುಡುಗನನ್ನು ಹೊಡೆಯುತ್ತಿದ್ದ ದೃಶ್ಯ ಐವತ್ತು ವರ್ಷಗಳ ಆಚೆಯಿಂದ ಎದ್ದು ಬಂದಿತು. ತಂದೆಯ ಹೆಸರನ್ನು ಮರೆಮಾಡದೆ ಅದನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದನು. ಸಾಲವನ್ನೆಲ್ಲ ತೀರಿಸಿದನು. ಆದರೆ ಇಬ್ಬರು ಹೆಣ್ಣುಮಕ್ಕಳನ್ನೂ ಹೆಂಡತಿಯನ್ನೂ ಕಳೆದುಕೊಂಡು 1910ರ ಏಪ್ರಿಲ್ 21ರಂದು ತೀರಿಕೊಂಡನು. ಹುಟ್ಟಿದ ವರ್ಷ ಕಂಡ ಹ್ಯಾಲಿ ಧೂಮಕೇತು ಆಗ ಮರಳಿ ಬಂದಿತ್ತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಿಂದೊಮ್ಮೆ ಶುಲ್ಕ ಕಟ್ಟಲು ಜೊತೆಗೆ ಬಂದ ನನ್ನ ತಂದೆಯವರು ನಮ್ಮೂರ ಮಾತಿನಲ್ಲಿ ಗಟ್ಟಿಯಾಗಿ ಏನೋ ಕೇಳಿದಾಗ, ಸಹಪಾಠಿಗಳಿಗೆ ಕಾಣದಂತೆ ನಾನು ಎರಡು ಹೆಜ್ಜೆ ದೂರ ನಿಂತಿದ್ದೆ. ಈ ಕಾದಂಬರಿಯನ್ನು ಮುಗಿಸಿದ ರಾತ್ರಿ ಆ ಎರಡು ಹೆಜ್ಜೆ ನೆನಪಿಗೆ ಬಂದುವು. ಓದು ಬಾರದವನ ಮಾತಿನಲ್ಲಿ ಓದಿದವರಿಗೆ ಕಾಣದ ಸತ್ಯವಿರಬಹುದೆಂದು ತೋರಿಸಿದ ಈ ದೂರದೇಶದ ಲೇಖಕನಿಗೆ ನಾನು ಋಣಿ.