ಕೊನೆಯ ಸಾಲಿಗೂ ಕೇಳಿಸಿದ ಪಿಟೀಲು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಮೇಷ್ಟ್ರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ವಿಷಯ ಬರೆಯುತ್ತೇನೆಂದೇ ಅವರು ಎಣಿಸಿದ್ದರು. ಪಿಟೀಲು ಚೌಡಯ್ಯನವರ ಬಗ್ಗೆ ಬರೆಯುತ್ತೇನೆ ಅಂದಾಗ ನಕ್ಕರು. ನಾನು ಸಂಗೀತ ಕಲಿತವನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಆದರೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಕೇಳಿಸುತ್ತಿಲ್ಲವೆಂಬ ಒಂದೇ ಕಾರಣಕ್ಕೆ ತನ್ನ ವಾದ್ಯವನ್ನೇ ಬದಲಾಯಿಸಿದ ಮನುಷ್ಯನ ಕಥೆ ನಮ್ಮಂಥ ಎಂಜಿನಿಯರುಗಳಿಗೂ ಸೇರಿದ್ದು.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ. ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದರು. ಗುರುಗಳು ಹೆಸರಾಂತ ಗಾಯಕರು, ದೇವರನಾಮಗಳನ್ನು ಕಛೇರಿಯಲ್ಲಿ ಹಾಡಿ ಜನಪ್ರಿಯಗೊಳಿಸಿದವರು. ಪಿಟೀಲಿನ ಶಿಷ್ಯನಿಗೆ ಹಾಡುಗಾರನೇ ಗುರುವಾದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತೆಂದು ನನಗನಿಸುತ್ತದೆ. ಚೌಡಯ್ಯನವರ ಕಮಾನಿನಲ್ಲಿ ಬರುವುದು ಹಾಡುವ ಕಂಠದ ಉಸಿರೇ.

ಆಗ ಮೈಕ್ ಎಂಬುದು ಅಪರೂಪ. ತುಂಬುಕಂಠದ ಗಾಯಕರ ಪಕ್ಕದಲ್ಲಿ ಕೂತ ಪಿಟೀಲಿನ ದನಿ ಮುಂದಿನ ನಾಲ್ಕು ಸಾಲು ದಾಟುವಷ್ಟರಲ್ಲಿ ಸೊರಗುತ್ತಿತ್ತು. ಇದಕ್ಕೆ ಚೌಡಯ್ಯನವರು ಕಂಡುಕೊಂಡ ದಾರಿ ಏಳು ತಂತಿಯ ಪಿಟೀಲು. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ, ಅದೂ ಒಂದು ಸ್ಥಾಯಿಯ ಅಂತರದಲ್ಲಿ. ಬೆರಳು ಒಂದೇ ಏಟಿಗೆ ಎರಡನ್ನೂ ಒತ್ತಬೇಕು, ಕಮಾನು ಎರಡರ ಮೇಲೂ ಒಟ್ಟಿಗೆ ಹರಿಯಬೇಕು. ದನಿ ದಪ್ಪವಾಗುತ್ತದೆ, ದೂರ ಹೋಗುತ್ತದೆ.

ಹೇಳುವುದಕ್ಕೆ ಸುಲಭ. ಸ್ಥಾಯಿ ಅಂತರವೆಂದರೆ ಒಂದರ ಕಂಪನ ಇನ್ನೊಂದರ ಸರಿಯಾಗಿ ಎರಡರಷ್ಟು. ಅದು ಕೂದಲೆಳೆಯಷ್ಟು ತಪ್ಪಿದರೂ ಶ್ರುತಿ ಕೆಟ್ಟದ್ದು ಕಿವಿಗೆ ಹೊಡೆಯುತ್ತದೆ. ನಾಲ್ಕು ತಂತಿಯಲ್ಲಿ ಸಣ್ಣ ತಪ್ಪು ಅಡಗಿಕೊಳ್ಳಬಹುದು, ಜೋಡಿ ತಂತಿಯಲ್ಲಿ ಅದು ಎಲ್ಲರೆದುರು ನಿಂತುಬಿಡುತ್ತದೆ. ಮೂರು ತಂತಿ ಹೆಚ್ಚಾದರೆ ಅವುಗಳ ಎಳೆತವನ್ನೂ ಆ ತೆಳ್ಳನೆಯ ಮರದ ಪೆಟ್ಟಿಗೆಯೇ ಹೊರಬೇಕು. ತಂತಿ ಹೆಚ್ಚಿದರೆ ನಾದ ಒರಟಾಗುತ್ತದೆಂದು ಶಂಕಿಸುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬೇರೆಯವರ ಕೈಯಲ್ಲಿ ಹಾಗೇ ಆಗುತ್ತಿತ್ತೇನೋ.

ಆದ್ದರಿಂದ ಚೌಡಯ್ಯನವರನ್ನು ಬರೀ ಏಳು ತಂತಿಗಾಗಿ ಹೊಗಳಿದರೆ ಅವರಿಗೆ ಅರ್ಧ ನ್ಯಾಯ ಮಾತ್ರ ಸಂದಂತೆ. ರಸಿಕರು ಮೆಚ್ಚಿದ್ದು ತಂತಿಗಳ ಲೆಕ್ಕವನ್ನಲ್ಲ, ಅಷ್ಟೂ ತಂತಿಗಳಿಂದ ಒಂದೇ ಶುದ್ಧ ನಾದ ಹೊರಡಿಸುತ್ತಿದ್ದ ಕೈಯನ್ನು. ಆ ಕಾಲದ ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ತ್ರಿಮೂರ್ತಿಗಳೆಂದರೆ ದ್ವಾರಂ ವೆಂಕಟಸ್ವಾಮಿ ನಾಯುಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ನಮ್ಮ ಚೌಡಯ್ಯ. ನಾಯುಡು ಅವರು ತನಿ ಕಛೇರಿಯಿಂದಲೇ ಪಿಟೀಲಿಗೆ ದೊಡ್ಡ ಗೌರವ ತಂದವರು. ಚೌಡಯ್ಯನವರ ತನಿ ವಾದನಕ್ಕೂ ಜನ ಸೇರುತ್ತಿದ್ದರು. ಆದರೂ ಪಕ್ಕವಾದ್ಯದಲ್ಲೇ ಅವರ ದೊಡ್ಡಸ್ತಿಕೆ ಹೆಚ್ಚು ಕಾಣುತ್ತದೆಂದು ನನ್ನ ಅಭಿಪ್ರಾಯ. ಅಷ್ಟು ದೊಡ್ಡ ದನಿಯ ವಾದ್ಯ ಕೈಯಲ್ಲಿಟ್ಟುಕೊಂಡು ಗಾಯಕನನ್ನು ಮುಚ್ಚಿಹಾಕದೆ ನುಡಿಸುವುದು ಸಾಮಾನ್ಯವಲ್ಲ. ಗಂಡುದನಿಯ ಚೆಂಬೈ ವೈದ್ಯನಾಥ ಭಾಗವತರೊಂದಿಗೆ ಅವರ ಜೋಡಿ ದಕ್ಷಿಣದಲ್ಲೆಲ್ಲ ಮನೆಮಾತಾಯಿತು. 1943ರ ‘ವಾಣಿ’ ಕನ್ನಡ ಚಿತ್ರವನ್ನು ಚೌಡಯ್ಯನವರೇ ನಿರ್ಮಿಸಿದರು. ಅದರಲ್ಲಿ ಚೆಂಬೈಯವರ ಕಛೇರಿ, ಇವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ.

ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಅವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪದವಿ ಬಂತು. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. ಆ ಅಂಕಿತದಲ್ಲಿ ಹುಟ್ಟೂರಿನ ಹೆಸರು ಅಡಗಿದೆ.

ತಂತಿಯ ಮಾತು ಬಂದಾಗ ನಮ್ಮ ಸೀಮೆಯ ಒಂದು ಸಂಗತಿ ಹೇಳದೆ ಇರಲಾರೆ. ಬೊಂಬೆಯ ಊರೆಂದು ಎಲ್ಲರೂ ಬಲ್ಲ ಚನ್ನಪಟ್ಟಣಕ್ಕೆ ವಾದ್ಯದ ತಂತಿಯ ನಂಟೂ ಇತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಬಂದ ಬುಕನನ್ ಇಲ್ಲಿಯ ಉಕ್ಕಿನ ತಂತಿಗೆ ದೂರದೂರದ ಊರುಗಳಲ್ಲಿ ಬೇಡಿಕೆಯಿತ್ತೆಂದು ದಾಖಲಿಸಿದ್ದಾನೆ. ಚೌಡಯ್ಯನವರಿಗೂ ಆ ತಂತಿಗೂ ಸಂಬಂಧ ಕಲ್ಪಿಸಲು ಹೊರಟಿಲ್ಲ. ಶಾಲೆಯಲ್ಲಿ ಬೊಂಬೆಯ ವಿಷಯ ಹೇಳಿದವರು ತಂತಿಯ ವಿಷಯವನ್ನೂ ಹೇಳಿದ್ದರೆ ಚೆನ್ನಾಗಿತ್ತು, ಅಷ್ಟೆ.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಭವನ ಪಿಟೀಲಿನ ಆಕಾರದಲ್ಲೇ ಎದ್ದಿತು. ಅಲ್ಲಿ ಈಗ ಮೈಕಿಗೇನೂ ಕೊರತೆಯಿಲ್ಲ. ಏಳು ತಂತಿಯ ಪಿಟೀಲು ಹಿಡಿಯುವವರು ಮಾತ್ರ ಬೆರಳೆಣಿಕೆಯಷ್ಟು. ಮೈಕ್ ಬಂದ ಮೇಲೆ ಅದರ ಅಗತ್ಯ ಹೋಯಿತೆಂದು ಹೇಳುವವರಿದ್ದಾರೆ. ಚೆಂಬೈಯವರ ಜೊತೆಗಿನ ಹಳೆಯ ಧ್ವನಿಮುದ್ರಣಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಕಿವಿಗೆ ಹಾಕಿಕೊಂಡು ಕೇಳಿ. ಹಳೆಯ ತಟ್ಟೆಯ ಚರಚರ ಸದ್ದಿನ ನಡುವೆ, ಗಾಯಕರು ಒಂದು ಸಂಗತಿ ಹಾಡಿ ಬಿಟ್ಟ ಕೂಡಲೇ, ಅದೇ ಸಂಗತಿ ಕೆಳಗೊಂದು ಮೇಲೊಂದು ದನಿಯಲ್ಲಿ ಒಟ್ಟಿಗೆ ಬರುವುದು ಗೊತ್ತಾಗುತ್ತದೆ.