ಮೊಳಹಳ್ಳಿ ಶಿವರಾಯರು

ಕೃಷಿಕನಿಗೆ ಹಣ ಬೇಕಾಗುವುದು ಬಿತ್ತನೆಯ ಕಾಲದಲ್ಲಿ. ಅದು ಕೈಸೇರುವುದು ಬೆಳೆ ಮಾರಿದ ಮೇಲೆ. ನಡುವಿನ ತಿಂಗಳುಗಳಲ್ಲಿ ಹಿಂದೆ ಅವನಿಗೆ ಸಾಹುಕಾರನೇ ಗತಿಯಾಗಿದ್ದನು. ಬಡ್ಡಿ ಬೆಳೆದಂತೆ ಭೂಮಿ ಕೈಬಿಡುತ್ತಿತ್ತು. ಸುಳ್ಯ, ಕಡಬಗಳನ್ನೂ ಒಳಗೊಂಡಿದ್ದ ಅಂದಿನ ಪುತ್ತೂರು ಸೀಮೆಯಲ್ಲಿ ಈ ಸಂಕಟಕ್ಕೆ ಪರಿಹಾರ ಹುಡುಕಿದವರು ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು.

ಶಿವರಾಯರು ಜನಿಸಿದುದು 1880ರಲ್ಲಿ. 1904ರ ಸಹಕಾರಿ ಕಾಯಿದೆಯು ರೈತರು ತಾವೇ ಕೂಡಿ ಸಾಲದ ಸಂಘಗಳನ್ನು ಕಟ್ಟಿಕೊಳ್ಳಲು ದಾರಿ ತೆರೆದಿತ್ತು. ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಕಾರ್ಯವನ್ನು ಆರಂಭಿಸಿದರು. ಗ್ರಾಮಸಂಘಗಳಲ್ಲಿ ಒಬ್ಬನು ಸಾಲ ತೀರಿಸದಿದ್ದರೆ ಉಳಿದ ಸದಸ್ಯರೆಲ್ಲರೂ ಅದಕ್ಕೆ ಹೊಣೆಗಾರರಾಗಬೇಕಾಗಿತ್ತು. ಆದುದರಿಂದ ನೆರೆಹೊರೆಯವರ ಪ್ರಾಮಾಣಿಕತೆಯೇ ಅಲ್ಲಿನ ನಿಜವಾದ ಬಂಡವಾಳವಾಗಿತ್ತು.

ಆದರೆ ಬಡವರು ಕೂಡಿಹಾಕಿದ ಹಣ ಎಲ್ಲರ ಅಗತ್ಯಕ್ಕೂ ಸಾಲದು. ಸಣ್ಣ ಸಂಘಗಳಿಗೆ ಆಸರೆಯಾಗಿ ಜಿಲ್ಲೆಗೇ ಒಂದು ಸಹಕಾರಿ ಬ್ಯಾಂಕು ಬೇಕಾಯಿತು. ಶಿವರಾಯರ ಮುಂದಾಳುತನದಲ್ಲಿ ಅದು 1914ರಲ್ಲಿ ಪುತ್ತೂರಿನಲ್ಲಿಯೇ ತಲೆಯೆತ್ತಿತು. ಮುಂದೆ ಮಂಗಳೂರಿಗೆ ಸ್ಥಳಾಂತರಗೊಂಡಿತು.

ಶಿವರಾಯರು ತಾಲೂಕು ಬೋರ್ಡಿನ ಆಡಳಿತದಲ್ಲಿಯೂ ದುಡಿದರು. ಪುತ್ತೂರಿಗೆ ಹೈಸ್ಕೂಲು ದೊರೆಯಲು ಶ್ರಮಿಸಿದರು. ಶಿವರಾಮ ಕಾರಂತರು ಅಲ್ಲಿ ನಡೆಸಿದ ದಸರಾ ನಾಡಹಬ್ಬಕ್ಕೂ ಬೆಂಬಲವಾಗಿ ನಿಂತರು.

1967ರಲ್ಲಿ ಅವರು ತೀರಿಕೊಂಡರು. ಅವರು ನೆಟ್ಟ ಬ್ಯಾಂಕು ಇಂದಿಗೂ ಜಿಲ್ಲೆಯ ಕೃಷಿಕರಿಗೆ ನೆರವಾಗುತ್ತಿದೆ. ಸಹಕಾರಿಗಳು ಅವರನ್ನು ಪಿತಾಮಹನೆಂದು ಗೌರವದಿಂದ ಸ್ಮರಿಸುತ್ತಾರೆ.